ತಂತಿ ಎಳೆಯಲು ಒಂದು ವರ್ಷ, ಮಾತು ಕೂಡಲು ಹದಿಮೂರು ವರ್ಷ

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಇಂದು ಗಣಕಯಂತ್ರದ ಉದ್ಯೋಗದಲ್ಲಿದ್ದಾರೆ. ನಮ್ಮ ಬಂಧುಗಳ ಮನೆಗಳಲ್ಲಿಯೂ ಮನೆಗೊಬ್ಬರಾದರೂ ಆ ಕಸುಬಿನವರಿದ್ದಾರೆ. ಅವರಿಗೆ ತಮ್ಮ ಯಂತ್ರಗಳ ಬಗೆಗೆ ಇರುವ ತಿಳಿವಳಿಕೆಯನ್ನು ಕಂಡು ನನಗೆ ಸಂತೋಷವಾಗುತ್ತದೆ. ಆದರೆ ಆ ಯಂತ್ರಗಳು ಒಂದರೊಡನೊಂದು ಮಾತನಾಡಲು ಕಲಿತದ್ದು ಹೇಗೆ ಎಂದು ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ ಒಂದೇ: “ಅಣುಬಾಂಬು ಬಿದ್ದರೂ ಸಂಪರ್ಕ ಕಡಿದುಹೋಗಬಾರದೆಂದು ಅಮೆರಿಕದ ಸೈನ್ಯ ಕಟ್ಟಿಸಿದ ಜಾಲ ಅದು.”

ಇತಿಹಾಸದ ಪಾಠ ಹೇಳಿ ಬಾಳಿದವನಿಗೆ ಇಂಥ ಉತ್ತರ ಕೇಳಿ ಸುಮ್ಮನಿರುವುದು ಕಷ್ಟ. ಅಣುಯುದ್ಧದಲ್ಲಿಯೂ ಉಳಿಯಬಲ್ಲ ಸಂಪರ್ಕ ವ್ಯವಸ್ಥೆಯ ಬಗೆಗೆ 1960ರ ದಶಕದ ಆರಂಭದಲ್ಲಿ ರ‍್ಯಾಂಡ್ ಸಂಸ್ಥೆಯ ಪಾಲ್ ಬರಾನ್ ಎಂಬ ವಿಜ್ಞಾನಿ ಅಧ್ಯಯನ ನಡೆಸಿದ್ದು ನಿಜ. ಅದರಿಂದಲೇ ಈ ಕಥೆ ಹಬ್ಬಿತು. ಆದರೆ ನಿಜವಾಗಿ ಕಟ್ಟಲ್ಪಟ್ಟ ಜಾಲದ ಮೂಲದಲ್ಲಿ ಇದ್ದದ್ದು ಯುದ್ಧಭಯವಲ್ಲ, ಒಬ್ಬ ಅಧಿಕಾರಿಯ ಬೇಸರ. ಅವರ ಬೇಸರಕ್ಕೆ ಕಾರಣ, ಒಂದಕ್ಕೊಂದು ಹೊಂದದ ಗಣಕಯಂತ್ರಗಳು. ಹೊಂದದವುಗಳನ್ನು ಹೊಂದಿಸಲು ಪಟ್ಟ ಪಾಡೇ ಈ ಇತಿಹಾಸ. ಇದರಲ್ಲಿ ತಂತಿ ಎಳೆಯುವ ಕೆಲಸ ಒಂದು ವರ್ಷದೊಳಗೆ ಮುಗಿಯಿತು. ತಂತಿಯ ಎರಡು ತುದಿಗಳಲ್ಲಿ ಇದ್ದವರು ಒಂದೇ ಮಾತಿಗೆ ಬರಲು ಮಾತ್ರ ಹದಿಮೂರು ವರ್ಷ ಬೇಕಾಯಿತು. ಏಕೆ ಎಂಬುದನ್ನು ವಿವರಿಸುವುದೇ ಈ ಬರಹದ ಉದ್ದೇಶ.

ಮೇಜಿನ ಬಳಿ ಮೂರು ಟರ್ಮಿನಲ್ಲುಗಳು

1957ರಲ್ಲಿ ರಷ್ಯಾ ಸ್ಪುಟ್ನಿಕ್ ಉಪಗ್ರಹವನ್ನು ಹಾರಿಸಿದಾಗ ಅಮೆರಿಕಕ್ಕೆ ದಿಗಿಲಾಯಿತು. ಮರುವರ್ಷವೇ ಅದರ ರಕ್ಷಣಾ ಇಲಾಖೆಯಲ್ಲಿ ‘ಆರ್ಪಾ’ ಎಂಬ ಸಂಶೋಧನಾ ವಿಭಾಗ ಸ್ಥಾಪನೆಯಾಯಿತು. ವಿಶ್ವವಿದ್ಯಾಲಯಗಳಲ್ಲಿ ಗಣಕಯಂತ್ರಗಳ ಬಗೆಗೆ ನಡೆಯುತ್ತಿದ್ದ ಸಂಶೋಧನೆಗೆ ಹಣ ಒದಗಿಸುವ ಕಚೇರಿಯೊಂದು ಅದರೊಳಗೆ ಇತ್ತು. 1966ರಲ್ಲಿ ಅದರ ಮುಖ್ಯಸ್ಥರಾಗಿದ್ದವರು ರಾಬರ್ಟ್ ಟೇಲರ್.

ಟೇಲರ್ ಅವರ ಕೋಣೆಯಲ್ಲಿ ಮೂರು ಟರ್ಮಿನಲ್ಲುಗಳಿದ್ದವು. ಒಂದು ಬಾಸ್ಟನ್ ಬಳಿಯ ಎಂ.ಐ.ಟಿ.ಯ ಯಂತ್ರಕ್ಕೆ, ಮತ್ತೊಂದು ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಯಂತ್ರಕ್ಕೆ, ಮೂರನೆಯದು ಅದೇ ರಾಜ್ಯದ ಸಾಂತಾ ಮೋನಿಕಾದಲ್ಲಿದ್ದ ಯಂತ್ರಕ್ಕೆ. ಒಂದರ ಅಪ್ಪಣೆಗಳು ಇನ್ನೊಂದಕ್ಕೆ ಅರ್ಥವಾಗುತ್ತಿರಲಿಲ್ಲ. ಎಂ.ಐ.ಟಿ.ಯವರೊಡನೆ ವ್ಯವಹರಿಸಿ ಬರ್ಕ್ಲಿಯವರೊಡನೆ ಮಾತನಾಡಬೇಕಾದರೆ ಒಂದು ಕುರ್ಚಿಯಿಂದ ಎದ್ದು ಇನ್ನೊಂದರ ಮುಂದೆ ಕುಳಿತು, ಬೇರೆಯದೇ ರೀತಿಯಲ್ಲಿ ಮೊದಲಿನಿಂದ ಆರಂಭಿಸಬೇಕು. ಒಂದೇ ಕಚೇರಿಯ ಹಣದಲ್ಲಿ ಕೊಂಡ ಯಂತ್ರಗಳ ಸ್ಥಿತಿ ಇದು!

ಇದರ ಹಿಂದೆ ಹಣದ ಪ್ರಶ್ನೆಯೂ ಇತ್ತು. ಆ ಕಾಲದ ದೊಡ್ಡ ಗಣಕಯಂತ್ರವೆಂದರೆ ಕೋಣೆ ತುಂಬುವ ಗಾತ್ರದ್ದು. ಬೆಲೆ ಲಕ್ಷಾಂತರ ಡಾಲರು. ಸಂಶೋಧಕರೆಲ್ಲರೂ ತಮ್ಮ ಸಂಸ್ಥೆಗೆ ಪ್ರತ್ಯೇಕ ಯಂತ್ರ ಬೇಕೆಂದು ಬೇಡಿಕೆ ಸಲ್ಲಿಸುತ್ತಿದ್ದರು. ಯೂಟಾದಲ್ಲಿ ಚಿತ್ರ ಬಿಡಿಸುವ ತಂತ್ರಾಂಶ ಇದ್ದರೆ ಅದು ಯೂಟಾದವರಿಗೆ ಮಾತ್ರ. ದೂರದಿಂದಲೇ ಅದನ್ನು ಬಳಸುವಂತಾದರೆ ಎಷ್ಟು ಖರ್ಚು ಉಳಿದೀತು ಎಂದು ಟೇಲರ್ ಯೋಚಿಸಿದರು. ಆರ್ಪಾದ ನಿರ್ದೇಶಕ ಚಾರ್ಲ್ಸ್ ಹರ್ಟ್ಸ್‌ಫೆಲ್ಡ್ ಅವರನ್ನು ಕಂಡು ವಿಷಯ ತಿಳಿಸಿದರು. ಸುಮಾರು 20 ನಿಮಿಷಗಳ ಮಾತುಕತೆಯಲ್ಲಿ 10 ಲಕ್ಷ ಡಾಲರು ದೊರಕಿತೆಂದು ಟೇಲರ್ ಮುಂದೆ ನೆನಪಿಸಿಕೊಂಡಿದ್ದಾರೆ.

ಹಣ ಸಿಕ್ಕಿದ ಮಾತ್ರಕ್ಕೆ ಕೆಲಸವಾಗಲಿಲ್ಲ. 1965ರಲ್ಲಿಯೇ ಲಾರೆನ್ಸ್ ರಾಬರ್ಟ್ಸ್ ಮತ್ತು ಥಾಮಸ್ ಮರಿಲ್ ಎಂಬಿಬ್ಬರು ಅಮೆರಿಕದ ಪೂರ್ವ ತೀರದ ಒಂದು ಯಂತ್ರವನ್ನು ಸಾಂತಾ ಮೋನಿಕಾದ ಯಂತ್ರಕ್ಕೆ ದೂರವಾಣಿ ತಂತಿಯ ಮೂಲಕ ಜೋಡಿಸಿ ನೋಡಿದ್ದರು. ಎರಡು ಯಂತ್ರಗಳು ಕೂಡಿ ಕೆಲಸ ಮಾಡಬಲ್ಲವು ಎಂಬುದು ಸಾಬೀತಾಯಿತು. ಮನುಷ್ಯರ ಸಂಭಾಷಣೆಗೆಂದು ರೂಪಿಸಿದ ದೂರವಾಣಿ ವ್ಯವಸ್ಥೆ ಇದಕ್ಕೆ ತಕ್ಕುದಲ್ಲ ಎಂಬುದೂ ಸಾಬೀತಾಯಿತು. ಅದೇ ರಾಬರ್ಟ್ಸ್ ಅವರನ್ನು ಟೇಲರ್ 1966ರ ಕೊನೆಯಲ್ಲಿ ಈ ಯೋಜನೆಗೆ ಕರೆತಂದರು.

ಹೊಂದಿಕೆಯಾಗದೆ ಇದ್ದದ್ದು ಏನೇನು?

ಮೆಟ್ರಿಕ್ ಪದ್ಧತಿ ಬರುವ ಮುನ್ನ ನಮ್ಮಲ್ಲಿ ಸೇರು, ಪಾವುಗಳ ಅಳತೆ ಇದ್ದುದನ್ನು ನಮ್ಮ ಹಿರಿಯರು ಬಲ್ಲರು. ಒಂದು ಸೀಮೆಯ ಸೇರು ಇನ್ನೊಂದು ಸೀಮೆಯ ಸೇರಿಗೆ ಸಮನಾಗಿರಲಿಲ್ಲ. ಹೆಸರು ಒಂದೇ, ಅಳತೆ ಬೇರೆ. ಗಣಕಯಂತ್ರಗಳ ಕಥೆಯೂ ಹಾಗೆಯೇ.

ಯಂತ್ರವು ಸೊನ್ನೆ ಮತ್ತು ಒಂದು ಎಂಬ ಬಿಟ್ಟುಗಳನ್ನು ಗುಂಪು ಗುಂಪಾಗಿ ಹಿಡಿದು ಕೆಲಸ ಮಾಡುತ್ತದೆ. ಒಂದು ಗುಂಪಿಗೆ ‘ವರ್ಡ್’ ಎಂದು ಹೆಸರು. ಮೊದಲು ಜೋಡಿಸಬೇಕೆಂದು ಆರಿಸಿಕೊಂಡ ನಾಲ್ಕು ಕೇಂದ್ರಗಳನ್ನೇ ನೋಡಿ. ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಇದ್ದದ್ದು ಸಿಗ್ಮಾ 7. ಅದರ ವರ್ಡ್ 32 ಬಿಟ್ಟು. ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಇದ್ದದ್ದು ಎಸ್.ಡಿ.ಎಸ್. 940, ಅದರದು 24. ಸಾಂತಾ ಬಾರ್ಬರಾದಲ್ಲಿ ಐ.ಬಿ.ಎಂ. 360, ಅದರದು 32. ಯೂಟಾದಲ್ಲಿ ಪಿ.ಡಿ.ಪಿ. 10, ಅದರದು 36. ಇವುಗಳಲ್ಲಿ ಮೊದಲ ಎರಡು ಯಂತ್ರಗಳನ್ನು ತಯಾರಿಸಿದ್ದು ಒಂದೇ ಕಂಪನಿ ಎಂಬುದನ್ನು ಗಮನಿಸಬೇಕು. ಒಂದೇ ತಾಯಿಯ ಮಕ್ಕಳಿಗೇ ಪರಸ್ಪರ ಮಾತು ತಿಳಿಯದಿದ್ದರೆ ಪರರ ಪಾಡೇನು?

ಎರಡನೆಯ ತೊಡಕು ಅಕ್ಷರಗಳದು. ಯಂತ್ರಕ್ಕೆ ಅಕ್ಷರವೆಂದರೆ ಒಂದು ಸಂಖ್ಯೆ ಮಾತ್ರ. ಇಂಗ್ಲಿಷಿನ ಮೊದಲ ದೊಡ್ಡಕ್ಷರವಾದ ‘ಎ’ಗೆ ಆಸ್ಕಿ ಎಂಬ ಸಂಕೇತ ಪದ್ಧತಿಯಲ್ಲಿ 65 ಎಂದು ಸಂಖ್ಯೆ, ಐ.ಬಿ.ಎಂ.ನವರು ಬಳಸುತ್ತಿದ್ದ ಎಬ್ಸಿಡಿಕ್ ಪದ್ಧತಿಯಲ್ಲಿ 193. ಆಸ್ಕಿಯಲ್ಲಿ ಅಕ್ಷರಗಳು ಒಂದರ ಹಿಂದೊಂದು ಸಾಲಾಗಿ ನಿಂತಿವೆ. ಎಬ್ಸಿಡಿಕ್‌ನಲ್ಲಿ ‘ಐ’ ಅಕ್ಷರ 201ರಲ್ಲಿದ್ದರೆ ಅದರ ಮುಂದಿನ ‘ಜೆ’ ಇರುವುದು 209ರಲ್ಲಿ. ನಡುವೆ ಖಾಲಿ ಜಾಗ. ಹೀಗಾಗಿ ಒಂದು ಸಂಖ್ಯೆಯನ್ನು ಕೂಡಿಸಿಯೋ ಕಳೆದೋ ಪರಿವರ್ತಿಸುವಂತೆಯೂ ಇಲ್ಲ. ಪ್ರತಿ ಅಕ್ಷರಕ್ಕೂ ಪಟ್ಟಿ ನೋಡಬೇಕು.

ಮೂರನೆಯದು ಸೂಕ್ಷ್ಮವಾದುದು. ಪ್ರತಿಯೊಂದು ಯಂತ್ರವನ್ನೂ ಅದೇ ಯಜಮಾನ ಎಂಬ ಭಾವನೆಯಿಂದ ರೂಪಿಸಲಾಗಿತ್ತು. ತನಗೆ ಅಂಟಿಕೊಂಡಿರುವುದೆಲ್ಲ ಟರ್ಮಿನಲ್ಲು, ಮುದ್ರಣಯಂತ್ರ, ಕಾರ್ಡು ಓದುವ ಯಂತ್ರ ಮುಂತಾದ ಸೇವಕರು ಎಂದೇ ಅದರ ತಿಳಿವಳಿಕೆ. ತನ್ನಂಥದೇ ಇನ್ನೊಂದು ಯಂತ್ರ ಬಂದು ಸಮಾನವಾಗಿ ಮಾತನಾಡಬಹುದೆಂಬ ಕಲ್ಪನೆ ಅದರ ತಂತ್ರಾಂಶದಲ್ಲಿ ಎಲ್ಲಿಯೂ ಇರಲಿಲ್ಲ. ಇಬ್ಬರು ಯಜಮಾನರನ್ನು ಒಂದೇ ಚಾವಡಿಯಲ್ಲಿ ಕೂರಿಸಿದರೆ ಮೊದಲು ಮಾತನಾಡಬೇಕಾದವರು ಯಾರು ಎಂಬುದೇ ತೀರ್ಮಾನವಾಗುವುದಿಲ್ಲ.

ಯಂತ್ರಗಳಿಗಿಂತ ಗಟ್ಟಿಯಾದ ಮನಸ್ಸುಗಳು

1967ರ ಏಪ್ರಿಲ್‌ನಲ್ಲಿ ಮಿಷಿಗನ್ ರಾಜ್ಯದ ಆ್ಯನ್ ಆರ್ಬರ್‌ನಲ್ಲಿ ಆರ್ಪಾದ ಹಣ ಪಡೆಯುತ್ತಿದ್ದ ಸಂಶೋಧಕರ ಸಭೆ ಸೇರಿತು. ರಾಬರ್ಟ್ಸ್ ತಮ್ಮ ಯೋಜನೆಯನ್ನು ಮುಂದಿಟ್ಟರು. ಸಭೆ ಅದನ್ನು ಉತ್ಸಾಹದಿಂದ ಸ್ವೀಕರಿಸಲಿಲ್ಲ. ತಮ್ಮ ಯಂತ್ರದ ಶಕ್ತಿ ತಮಗೇ ಸಾಲದಿರುವಾಗ ಜಾಲದ ಚಾಕರಿಗೆ ಅದರಲ್ಲಿ ಪಾಲು ಕೊಡುವುದೇಕೆ, ಪರಊರಿನವರು ನಮ್ಮ ಯಂತ್ರದೊಳಗೆ ಬಂದು ಕೂರುವುದೇಕೆ ಎಂಬುದು ಅವರ ಆತಂಕ. ನಾನು ಅವರನ್ನು ತಪ್ಪೆನ್ನಲಾರೆ. ತಮ್ಮ ಬಾವಿಯ ನೀರು ತಮಗೇ ಸಾಲದಿರುವಾಗ ಊರಿಗೆಲ್ಲ ಹಂಚಿರೆಂದರೆ ಯಾರು ತಾನೇ ಒಪ್ಪಿಯಾರು?

ಆ ಸಭೆಯಿಂದ ವಿಮಾನ ನಿಲ್ದಾಣಕ್ಕೆ ಕಾರಿನಲ್ಲಿ ಹೋಗುವಾಗ ವೆಸ್ಲಿ ಕ್ಲಾರ್ಕ್ ಎಂಬ ವಿಜ್ಞಾನಿ ರಾಬರ್ಟ್ಸ್ ಅವರಿಗೆ ಒಂದು ಉಪಾಯ ಸೂಚಿಸಿದರು. ದೊಡ್ಡ ಯಂತ್ರಗಳನ್ನು ಅವುಗಳ ಪಾಡಿಗೆ ಬಿಟ್ಟುಬಿಡಿ. ಪ್ರತಿ ಕೇಂದ್ರದಲ್ಲಿಯೂ ಒಂದು ಚಿಕ್ಕ ಗಣಕಯಂತ್ರವನ್ನು ಇಡಿ. ಆ ಚಿಕ್ಕ ಯಂತ್ರಗಳೆಲ್ಲ ಒಂದೇ ಜಾತಿಯವಾಗಿರಲಿ. ಜಾಲದ ಕೆಲಸವೆಲ್ಲ ಅವುಗಳ ನಡುವೆಯೇ ನಡೆಯಲಿ. ಆಗ ದೊಡ್ಡ ಯಂತ್ರದವರು ಕಲಿಯಬೇಕಾದದ್ದು ತಮ್ಮ ಪಕ್ಕದಲ್ಲಿರುವ ಒಂದು ಚಿಕ್ಕ ಯಂತ್ರದೊಡನೆ ಮಾತನಾಡುವುದನ್ನು ಮಾತ್ರ.

ಈ ಉಪಾಯದ ಸೊಗಸು ಇರುವುದು ಅದರ ಸರಳತೆಯಲ್ಲಿ. ಎಲ್ಲರನ್ನೂ ಒಂದೇ ಅಚ್ಚಿಗೆ ಹೊಯ್ಯಬೇಕೆಂದು ಹೊರಟಿದ್ದರೆ ಕೆಲಸ ಎಂದಿಗೂ ಆಗುತ್ತಿರಲಿಲ್ಲ. ಭಿನ್ನವಾದವುಗಳನ್ನು ಭಿನ್ನವಾಗಿಯೇ ಇರಗೊಟ್ಟು, ನಡುವಿನ ದಾರಿಯನ್ನು ಮಾತ್ರ ಒಂದೇ ರೀತಿಯಲ್ಲಿ ಹಾಸಿದರು. ಸಂದೇಶವನ್ನು ಸಣ್ಣ ಸಣ್ಣ ತುಂಡುಗಳಾಗಿ ಮಾಡಿ, ಪ್ರತಿ ತುಂಡಿನ ಮೇಲೂ ವಿಳಾಸ ಬರೆದು ಕಳುಹಿಸುವ ವಿಧಾನವನ್ನು ಬರಾನ್ ಅಮೆರಿಕದಲ್ಲಿಯೂ ಡೊನಾಲ್ಡ್ ಡೇವಿಸ್ ಬ್ರಿಟನ್ನಿನಲ್ಲಿಯೂ ಬೇರೆ ಬೇರೆಯಾಗಿ ಆಲೋಚಿಸಿದ್ದರು. ಆ ತುಂಡಿಗೆ ‘ಪ್ಯಾಕೆಟ್’ ಎಂದು ಹೆಸರಿಟ್ಟವರು ಡೇವಿಸ್. ಅದೇ ವಿಧಾನವನ್ನು ಇಲ್ಲಿಯೂ ಕೈಗೊಂಡರು.

ಚಿಕ್ಕ ಯಂತ್ರದ ದೊಡ್ಡ ಪಾಡು

1968ರ ಜುಲೈಯಲ್ಲಿ ಆರ್ಪಾ ಟೆಂಡರು ಕರೆಯಿತು. ಗಣಕಯಂತ್ರಗಳ ದೊರೆಯಾಗಿದ್ದ ಐ.ಬಿ.ಎಂ. ಅದರಲ್ಲಿ ಭಾಗವಹಿಸಲಿಲ್ಲ. ಕೆಲಸ ದೊರಕಿದ್ದು ಮ್ಯಾಸಚೂಸೆಟ್ಸ್ ರಾಜ್ಯದ ಕೇಂಬ್ರಿಜ್‌ನಲ್ಲಿದ್ದ ಬಿ.ಬಿ.ಎನ್. ಎಂಬ ಚಿಕ್ಕ ಕಂಪನಿಗೆ. ಆ ರಾಜ್ಯದ ಸೆನೆಟರ್ ಎಡ್ವರ್ಡ್ ಕೆನಡಿಯವರು ಕಂಪನಿಗೆ ಅಭಿನಂದನೆಯ ತಂತಿ ಕಳುಹಿಸಿದರು. ಯಂತ್ರದ ಹೆಸರು ‘ಇಂಟರ್‌ಫೇಸ್ ಮೆಸೇಜ್ ಪ್ರೊಸೆಸರ್’. ತಂತಿಯಲ್ಲಿ ‘ಇಂಟರ್‌ಫೇಸ್’ ಎಂಬುದು ‘ಇಂಟರ್‌ಫೇತ್’ ಎಂದಾಗಿತ್ತು. ಸರ್ವಧರ್ಮ ಸಮನ್ವಯದ ಯಂತ್ರವನ್ನು ಕಟ್ಟಲು ಹೊರಟವರಿಗೆ ಶುಭಾಶಯ! ಅಲ್ಲಿನವರು ನಕ್ಕರಂತೆ. ಯೋಚಿಸಿ ನೋಡಿದರೆ ಆ ಮಾತು ಪೂರ್ತಿ ತಪ್ಪೂ ಅಲ್ಲ.

ಫ್ರಾಂಕ್ ಹಾರ್ಟ್ ಎಂಬವರ ನೇತೃತ್ವದ ತಂಡ 1969ರ ಜನವರಿಯಲ್ಲಿ ಕೆಲಸ ಆರಂಭಿಸಿತು. ಹನಿವೆಲ್ ಕಂಪನಿಯ 516 ಎಂಬ ಯಂತ್ರವನ್ನು ಮಾರ್ಪಡಿಸಿ ‘ಇಂಪ್’ ತಯಾರಿಸಬೇಕಾಗಿತ್ತು. ಅದರ ನೆನಪಿನ ಶಕ್ತಿ 16 ಬಿಟ್ಟಿನ ಸುಮಾರು 12 ಸಾವಿರ ವರ್ಡುಗಳು ಮಾತ್ರ. ಇಂದಿನ ಮೊಬೈಲ್ ಫೋನಿನ ಒಂದು ಛಾಯಾಚಿತ್ರವೂ ಅದರಲ್ಲಿ ಹಿಡಿಸದು. ತೂಕ ಮಾತ್ರ 400 ಕಿಲೋಗ್ರಾಮಿಗೂ ಹೆಚ್ಚು.

ಹನಿವೆಲ್‌ನಿಂದ ಬಂದ ಮೊದಲ ಮಾದರಿ ಯಂತ್ರದ ತಂತಿಜೋಡಣೆಯೇ ತಪ್ಪಾಗಿತ್ತು. ಬೆನ್ ಬಾರ್ಕರ್ ಎಂಬ ತರುಣ ಎಂಜಿನಿಯರ್ ಕುಳಿತು ಒಂದೊಂದೇ ತಂತಿಯನ್ನು ಕೈಯಿಂದ ಬಿಚ್ಚಿ ಸರಿಪಡಿಸಬೇಕಾಯಿತು. ಅನಂತರದ ಯಂತ್ರದಲ್ಲಿ ಬೇರೊಂದು ರೋಗ ಕಾಣಿಸಿಕೊಂಡಿತು. ಸರಿಯಾಗಿ ನಡೆಯುತ್ತಿದ್ದ ಯಂತ್ರ ಸುಮಾರು ದಿನಕ್ಕೊಮ್ಮೆ ಯಾವ ಸೂಚನೆಯೂ ಇಲ್ಲದೆ ನಿಂತುಬಿಡುತ್ತಿತ್ತು. ಹೊರಗಿನಿಂದ ಬರುವ ಸಂಕೇತಕ್ಕೂ ಯಂತ್ರದೊಳಗಿನ ಗಡಿಯಾರಕ್ಕೂ ತಾಳ ಹೊಂದಿಸುವ ಭಾಗದಲ್ಲಿ ದೋಷವಿತ್ತು. ಎರಡೂ ಕೂದಲೆಳೆಯ ಅಂತರದಲ್ಲಿ ಬಂದಾಗ ಮಾತ್ರ ಗೊಂದಲ. ಉಳಿದ ಕಾಲದಲ್ಲಿ ಎಲ್ಲವೂ ಸರಿ. ಸದಾ ಇರುವ ದೋಷವನ್ನು ಹಿಡಿಯುವುದು ಸುಲಭ. ದಿನಕ್ಕೊಮ್ಮೆ ಮುಖ ತೋರಿಸಿ ಮಾಯವಾಗುವುದನ್ನು ಹಿಡಿಯುವುದು ಎಷ್ಟು ಕಷ್ಟವೆಂದು ಆ ಕಸುಬಿನವರಾದ ನಿಮಗೆ ನಾನು ಹೇಳಬೇಕಾಗಿಲ್ಲ. ಯಂತ್ರ ಸಾಗಿಸುವ ದಿನ ಹತ್ತಿರವಾದಾಗ ಅಂತೂ ದೋಷ ಸಿಕ್ಕಿತು.

1969ರ ಆಗಸ್ಟ್ ಕೊನೆಯಲ್ಲಿ ಮೊದಲ ಇಂಪ್ ಲಾಸ್ ಏಂಜಲೀಸ್ ತಲುಪಿತು. ಅದನ್ನು ಸಿಗ್ಮಾ 7ಕ್ಕೆ ಜೋಡಿಸುವ ಸಾಧನವನ್ನು ಅಲ್ಲಿನ ವಿದ್ಯಾರ್ಥಿಯೊಬ್ಬನೇ ತಯಾರಿಸಿದ್ದ. ಅಕ್ಟೋಬರ್‌ನಲ್ಲಿ ಎರಡನೆಯ ಇಂಪ್ ಸ್ಟ್ಯಾನ್‌ಫರ್ಡ್ ಸಂಸ್ಥೆಗೆ ಬಂತು. ಅಕ್ಟೋಬರ್ 29ರ ರಾತ್ರಿ ಸುಮಾರು ಹತ್ತೂವರೆಗೆ ಚಾರ್ಲಿ ಕ್ಲೈನ್ ಎಂಬ ವಿದ್ಯಾರ್ಥಿ ಲಾಸ್ ಏಂಜಲೀಸ್‌ನಿಂದ ‘ಲಾಗಿನ್’ ಎಂಬ ಪದವನ್ನು ಒಂದೊಂದೇ ಅಕ್ಷರವಾಗಿ ಕಳುಹಿಸತೊಡಗಿದ. ‘ಎಲ್’ ಹೋಯಿತು, ‘ಓ’ ಹೋಯಿತು. ಮೂರನೆಯ ಅಕ್ಷರಕ್ಕೆ ಆ ಕಡೆಯ ಯಂತ್ರ ಕುಸಿಯಿತು. ಅದರ ತಂತ್ರಾಂಶಕ್ಕೆ ಒಂದು ಅಭ್ಯಾಸವಿತ್ತು: ಮೊದಲ ಮೂರು ಅಕ್ಷರ ಕಂಡೊಡನೆ ಉಳಿದುದನ್ನು ತಾನೇ ಪೂರೈಸಿ ಮರಳಿಸುವುದು. ನಡುವೆ ಕುಳಿತ ಹೊಸ ಕಾರ್ಯಕ್ರಮ ಅಷ್ಟನ್ನು ಒಮ್ಮೆಗೇ ಹಿಡಿಯಲು ಸಿದ್ಧವಾಗಿರಲಿಲ್ಲ. ಸುಮಾರು ಒಂದು ಗಂಟೆಯಲ್ಲಿ ಸರಿಪಡಿಸಿ ಮತ್ತೆ ಪ್ರಯತ್ನಿಸಿದಾಗ ಯಶಸ್ಸು ದೊರೆಯಿತು. ವರ್ಷ ಮುಗಿಯುವುದರೊಳಗೆ ನಾಲ್ಕು ಕೇಂದ್ರಗಳೂ ಜೋಡಣೆಯಾದವು.

ದಾರಿ ಇದೆ, ಮಾತಿಲ್ಲ

ಇಲ್ಲಿಗೆ ಕಥೆ ಮುಗಿಯಿತೆಂದು ಅನೇಕ ಪುಸ್ತಕಗಳು ಹೇಳುತ್ತವೆ. ನಿಜವಾದ ಕಷ್ಟ ಆರಂಭವಾದದ್ದೇ ಇಲ್ಲಿಂದ. ಇಂಪ್‌ಗಳು ಬಿಟ್ಟುಗಳನ್ನು ತಪ್ಪದೆ ಸಾಗಿಸುತ್ತಿದ್ದವು. ಆದರೆ ಬಂದ ಬಿಟ್ಟುಗಳಿಗೆ ಅರ್ಥವೇನು? ಅಂಚೆಯವನು ಕಾಗದವನ್ನು ಬಾಗಿಲಿಗೆ ಮುಟ್ಟಿಸಬಲ್ಲ. ಕಾಗದದ ಭಾಷೆ ಮನೆಯವರಿಗೆ ತಿಳಿಯದಿದ್ದರೆ ಅವನೇನು ಮಾಡಿಯಾನು?

ಈ ಹೊಣೆ ಬಿದ್ದದ್ದು ಪ್ರಾಧ್ಯಾಪಕರ ಮೇಲಲ್ಲ, ಅವರ ವಿದ್ಯಾರ್ಥಿಗಳ ಮೇಲೆ. ಲಾಸ್ ಏಂಜಲೀಸ್‌ನಲ್ಲಿ ಸ್ಟೀವ್ ಕ್ರಾಕರ್, ವಿಂಟ್ ಸರ್ಫ್, ಜಾನ್ ಪೋಸ್ಟೆಲ್ ಎಂಬ ಮೂವರಿದ್ದರು. ಮೂವರೂ ಓದಿದ್ದು ಅದೇ ನಗರದ ವ್ಯಾನ್ ನೈಸ್ ಹೈಸ್ಕೂಲಿನಲ್ಲಿ. ಹೈಸ್ಕೂಲು ಮೇಷ್ಟರಾಗಿದ್ದವನಿಗೆ ಇದನ್ನು ಓದಿದಾಗ ಆದ ಹೆಮ್ಮೆಯನ್ನು ನೀವು ಕ್ಷಮಿಸಬೇಕು. ಬೇರೆ ಬೇರೆ ಕೇಂದ್ರಗಳ ವಿದ್ಯಾರ್ಥಿಗಳು ಆಗಾಗ ಸೇರಿ ಚರ್ಚಿಸುತ್ತಿದ್ದರು. ನಿರ್ಣಯಿಸುವ ಅಧಿಕಾರ ತಮಗಿದೆಯೇ ಎಂಬುದೇ ಅವರಿಗೆ ತಿಳಿದಿರಲಿಲ್ಲ. ಯಾರೋ ಹಿರಿಯರು ಬಂದು ಇದೆಲ್ಲವನ್ನೂ ವಹಿಸಿಕೊಂಡಾರೆಂದು ಕಾಯುತ್ತಿದ್ದರು. ಹಿರಿಯರು ಬರಲಿಲ್ಲ.

ಆದುದರಿಂದ ಕ್ರಾಕರ್ ತಮ್ಮ ಚರ್ಚೆಗಳನ್ನು ಬರೆದಿಡುವಾಗ ಬಹಳ ವಿನಯದ ಹೆಸರೊಂದನ್ನು ಆರಿಸಿಕೊಂಡ: ‘ರಿಕ್ವೆಸ್ಟ್ ಫಾರ್ ಕಾಮೆಂಟ್ಸ್’. ‘ಅಭಿಪ್ರಾಯ ತಿಳಿಸಲು ಕೋರಿಕೆ’ ಎಂದು ಅದರ ಅರ್ಥ. ಮೊದಲನೆಯದರ ದಿನಾಂಕ 1969ರ ಏಪ್ರಿಲ್ 7. ಮನೆಯಲ್ಲಿ ಮಲಗಿದ್ದವರಿಗೆ ತೊಂದರೆಯಾಗಬಾರದೆಂದು ರಾತ್ರಿ ಬಚ್ಚಲುಮನೆಯಲ್ಲಿ ಕುಳಿತು ಅದನ್ನು ಬರೆದೆನೆಂದು ಆತ ಹೇಳಿಕೊಂಡಿದ್ದಾನೆ. ಇದು ಶಾಸನವಲ್ಲ, ಅಪ್ಪಣೆಯಲ್ಲ, ತಿದ್ದುವವರು ತಿದ್ದಬಹುದು. ಈ ಮಾಲಿಕೆ ಇಂದಿಗೂ ಅದೇ ಹೆಸರಿನಲ್ಲಿ ಮುಂದುವರಿದಿದೆ. ಸಂಖ್ಯೆ ಒಂಬತ್ತು ಸಾವಿರವನ್ನು ದಾಟಿದೆ. ಸ್ವತಂತ್ರರಾದ ಯಜಮಾನರನ್ನು ಒಂದು ಮಾತಿಗೆ ತರಲು ಆಜ್ಞೆಗಿಂತ ಕೋರಿಕೆಯೇ ಹೆಚ್ಚು ಬಲವುಳ್ಳದ್ದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ತಿಳಿದಿಲ್ಲ.

ಅವರು ಕಂಡುಕೊಂಡ ಪರಿಹಾರವನ್ನು ಒಂದು ಲೆಕ್ಕದಿಂದ ವಿವರಿಸಬಹುದು. 1971ರ ಹೊತ್ತಿಗೆ ಜಾಲದಲ್ಲಿ 15 ಕೇಂದ್ರಗಳಿದ್ದವು. ಪ್ರತಿಯೊಬ್ಬರೂ ಉಳಿದ 14 ಮಂದಿಯ ಭಾಷೆಗೆ ನೇರವಾಗಿ ಅನುವಾದಿಸಬೇಕಾದರೆ 15ನ್ನು 14ರಿಂದ ಗುಣಿಸಿ 210 ಅನುವಾದಕರು ಬೇಕು. ನಡುವೆ ಒಂದು ಸಾಮಾನ್ಯ ಭಾಷೆಯನ್ನು ಇಟ್ಟುಕೊಂಡರೆ ಒಬ್ಬೊಬ್ಬರಿಗೂ ಎರಡೇ ಸಾಕು, ಒಟ್ಟು 30. ಕೇಂದ್ರಗಳು ಹೆಚ್ಚಿದಷ್ಟೂ ಈ ಅಂತರ ಹೆಚ್ಚುತ್ತದೆ. ಆದುದರಿಂದ ಜಾಲದ ಮೇಲೆ ಹೋಗುವ ಅಕ್ಷರಗಳೆಲ್ಲ ಆಸ್ಕಿಯಲ್ಲಿರಲಿ ಎಂದು 1969ರ ಅಕ್ಟೋಬರ್‌ನಲ್ಲಿಯೇ ವಿಂಟ್ ಸರ್ಫ್ ಸೂಚಿಸಿದ. ಎಲ್ಲಿಯೂ ನಿಜವಾಗಿ ಇಲ್ಲದ ಒಂದು ಕಾಲ್ಪನಿಕ ಟರ್ಮಿನಲ್ಲನ್ನು ರೂಪಿಸಿದರು. ಪ್ರತಿ ಯಂತ್ರವೂ ತನ್ನ ಟರ್ಮಿನಲ್ಲಿನ ನಡವಳಿಕೆಯನ್ನು ಆ ಕಾಲ್ಪನಿಕ ಟರ್ಮಿನಲ್ಲಿಗೆ ಹೊಂದಿಸಿಕೊಂಡರೆ ಸಾಕು. ಇದೇ ‘ಟೆಲ್ನೆಟ್’.

ಕಡತಗಳನ್ನು ಒಂದು ಯಂತ್ರದಿಂದ ಇನ್ನೊಂದಕ್ಕೆ ಸಾಗಿಸುವ ನಿಯಮಗಳನ್ನು 1971ರ ಏಪ್ರಿಲ್‌ನಲ್ಲಿ ಮೊದಲು ಬರೆದವರು ಒಬ್ಬ ಭಾರತೀಯರು. ಅವರು ಕಾನ್ಪುರದ ಐ.ಐ.ಟಿ.ಯ ಮೊದಲ ತಂಡದಲ್ಲಿ ಓದಿ ಎಂ.ಐ.ಟಿ.ಗೆ ಹೋಗಿದ್ದ ಅಭಯ್ ಭೂಷಣ್. ನೀವು ಎಫ್.ಟಿ.ಪಿ. ಎಂದು ಕರೆಯುವುದು ಅದನ್ನೇ. ಕಳುಹಿಸುವ ಕಡತ ಅಕ್ಷರಗಳದೇ ಅಥವಾ ಬರಿಯ ಬಿಟ್ಟುಗಳದೇ ಎಂದು ಮೊದಲೇ ತಿಳಿಸಬೇಕೆಂಬ ನಿಯಮ ಅದರಲ್ಲಿ ಏಕಿದೆ ಎಂದು ನಿಮ್ಮಲ್ಲಿ ಕೆಲವರಿಗಾದರೂ ಅನ್ನಿಸಿರಬಹುದು. ಕಾರಣ ಇದೇ: ಅಕ್ಷರಗಳಾದರೆ ಸಂಕೇತ ಬದಲಿಸಬೇಕು, ಬಿಟ್ಟುಗಳಾದರೆ ಮುಟ್ಟಬಾರದು. 32ರ ಸೇರಿಗೂ 36ರ ಸೇರಿಗೂ ಇದ್ದ ಹಳೆಯ ಜಗಳದ ಗುರುತು ಅದು.

1971ರ ಅಕ್ಟೋಬರ್‌ನಲ್ಲಿ ವಿವಿಧ ಕೇಂದ್ರಗಳ ತಂತ್ರಾಂಶಕಾರರು ಎಂ.ಐ.ಟಿ.ಯಲ್ಲಿ ಸೇರಿ, ಪ್ರತಿಯೊಬ್ಬರೂ ಉಳಿದವರ ಯಂತ್ರವನ್ನು ಜಾಲದ ಮೂಲಕ ಪ್ರವೇಶಿಸಲು ಯತ್ನಿಸಿದರು. ಬಹುತೇಕ ಎಲ್ಲ ಯಂತ್ರಗಳೂ ಓಗೊಟ್ಟವು. 1972ರ ಅಕ್ಟೋಬರ್‌ನಲ್ಲಿ ವಾಷಿಂಗ್ಟನ್‌ನ ಹಿಲ್ಟನ್ ಹೋಟೆಲಿನಲ್ಲಿ ರಾಬರ್ಟ್ ಕಾನ್ ಸಾರ್ವಜನಿಕ ಪ್ರದರ್ಶನ ಏರ್ಪಡಿಸಿದರು. ತಂತಿ ಸಿದ್ಧವಾಗಿ ಮೂರು ವರ್ಷಗಳಾದ ಮೇಲೆ ಲೋಕಕ್ಕೆ ತೋರಿಸಬಹುದಾದ ಜಾಲ ಕೈಗೆ ಬಂದಿತ್ತು. ಇದೇ ವೇಳೆಗೆ ಬಿ.ಬಿ.ಎನ್.ನ ರೇ ಟಾಮ್ಲಿನ್ಸನ್ 1971ರಲ್ಲಿ ರೂಪಿಸಿದ ಮಿಂಚಂಚೆ ಎಲ್ಲರ ಮೆಚ್ಚುಗೆ ಪಡೆಯಿತು. ಯಂತ್ರಗಳನ್ನು ಹಂಚಿಕೊಳ್ಳಲೆಂದು ಕಟ್ಟಿದ ಜಾಲ ಮನುಷ್ಯರು ಕಾಗದ ಬರೆದುಕೊಳ್ಳುವ ಜಾಲವಾಯಿತು.

ಜಾಲಗಳೇ ಹೊಂದದಿದ್ದಾಗ

ಇಷ್ಟರಲ್ಲಿ ಇನ್ನೊಂದು ತೊಡಕು ಎದುರಾಯಿತು. ಯಂತ್ರಗಳ ನಡುವಣ ಭಿನ್ನತೆ ಜಾಲಗಳ ನಡುವೆ ಕಾಣಿಸಿಕೊಂಡಿತು. ಆರ್ಪಾದವರೇ ರೇಡಿಯೋ ಮೂಲಕ ಒಂದು ಜಾಲವನ್ನೂ ಉಪಗ್ರಹದ ಮೂಲಕ ಇನ್ನೊಂದನ್ನೂ ಕಟ್ಟಿದ್ದರು. ಪ್ಯಾಕೆಟ್ಟಿನ ಗಾತ್ರ ಒಂದೊಂದರಲ್ಲಿ ಒಂದೊಂದು. ತಂತಿಯ ಜಾಲದಲ್ಲಿ ಕಳುಹಿಸಿದ್ದು ತಲುಪಿಯೇ ತೀರುವುದೆಂಬ ನಂಬಿಕೆ. ರೇಡಿಯೋದಲ್ಲಿ ಸುರಂಗವೊಂದು ಅಡ್ಡ ಬಂದರೂ ಪ್ಯಾಕೆಟ್ಟು ಕಳೆದುಹೋದೀತು.

ಮೀಟರ್‌ಗೇಜೂ ಬ್ರಾಡ್‌ಗೇಜೂ ಕೂಡುತ್ತಿದ್ದ ಗುಂತಕಲ್ಲಿನಂಥ ನಿಲ್ದಾಣವನ್ನು ನೆನೆದುಕೊಳ್ಳಿ. ಅಲ್ಲಿ ಹಳಿಗಳನ್ನು ಬದಲಿಸುತ್ತಿರಲಿಲ್ಲ. ಮೂಟೆಗಳನ್ನು ಒಂದು ಗಾಡಿಯಿಂದ ಇಳಿಸಿ ಇನ್ನೊಂದಕ್ಕೆ ಏರಿಸುತ್ತಿದ್ದರು. ಸರ್ಫ್ ಮತ್ತು ಕಾನ್ 1974ರ ಮೇ ತಿಂಗಳಲ್ಲಿ ಪ್ರಕಟಿಸಿದ ಲೇಖನದ ಸಾರವೂ ಇಂಥದೇ. ಯಾವ ಜಾಲವೂ ತನ್ನ ಒಳಗಿನ ಕ್ರಮವನ್ನು ಬದಲಿಸಬೇಕಾಗಿಲ್ಲ. ಜಾಲ ಜಾಲಗಳ ನಡುವೆ ಮೂಟೆ ಸಾಗಿಸುವ ‘ಗೇಟ್‌ವೇ’ಗಳಿರಲಿ. ದಾರಿಯಲ್ಲಿ ಕಳೆದುಹೋದುದನ್ನು ಕಂಡುಹಿಡಿದು ಮತ್ತೆ ಕಳುಹಿಸುವ ಹೊಣೆ ದಾರಿಯದಲ್ಲ, ಎರಡು ತುದಿಯ ಯಂತ್ರಗಳದು. ಫ್ರಾನ್ಸಿನಲ್ಲಿ ಲೂಯಿ ಪೂಜಾನ್ ತಮ್ಮ ‘ಸಿಕ್ಲಾದ್’ ಜಾಲದಲ್ಲಿ ನಡೆಸಿದ ಪ್ರಯೋಗವೂ ಇದಕ್ಕೆ ದಾರಿ ತೋರಿತ್ತು. ಟಿ.ಸಿ.ಪಿ./ಐ.ಪಿ. ಎಂದು ಇಂದು ಹೆಸರಾದ ನಿಯಮಗಳು ಬೆಳೆದದ್ದು ಇದರಿಂದ. 1977ರ ನವೆಂಬರ್ 22ರಂದು ಕ್ಯಾಲಿಫೋರ್ನಿಯಾದ ಹೆದ್ದಾರಿಯಲ್ಲಿ ಓಡುತ್ತಿದ್ದ ವ್ಯಾನಿನಿಂದ ಹೊರಟ ಸಂದೇಶ ರೇಡಿಯೋ, ತಂತಿ, ಉಪಗ್ರಹ ಈ ಮೂರು ಜಾಲಗಳನ್ನೂ ದಾಟಿ ಯುರೋಪಿಗೆ ಹೋಗಿ ಲಾಸ್ ಏಂಜಲೀಸ್ ಪ್ರದೇಶಕ್ಕೆ ಮರಳಿತು.

ಒಳ್ಳೆಯ ನಿಯಮ ಇದೆಯೆಂದ ಮಾತ್ರಕ್ಕೆ ಜನ ಹಳೆಯದನ್ನು ಬಿಟ್ಟಾರೆಯೇ? 1983ರ ಜನವರಿ 1ರಿಂದ ಹಳೆಯ ನಿಯಮದ ಸಂಚಾರ ನಿಲ್ಲುವುದೆಂದು ಘೋಷಿಸಲಾಯಿತು. ಅನೇಕರು ಕಿವಿಗೊಡಲಿಲ್ಲ. ಎಚ್ಚರಿಕೆಗಾಗಿ 1982ರ ನಡುವಿನಲ್ಲಿ ಒಂದು ದಿನ ಹಳೆಯ ಸಂಚಾರವನ್ನು ನಿಲ್ಲಿಸಿಯೇ ತೋರಿಸಿದರು. ಕಡೆಗೂ ಬದಲಾವಣೆ ನಡೆಯಿತು. ಕೆಲವು ಕೇಂದ್ರಗಳ ತಡಬಡಿಕೆ ಮುಗಿಯಲು ತಿಂಗಳುಗಳೇ ಹಿಡಿದವು. ಆ ಬದಲಾವಣೆಯಲ್ಲಿ ಬದುಕಿ ಉಳಿದೆ ಎಂದು ಬರೆದ ಬಿಲ್ಲೆಗಳನ್ನು ಅಂಗಿಗೆ ಸಿಕ್ಕಿಸಿಕೊಂಡು ಕೆಲವರು ಓಡಾಡಿದರಂತೆ.

ಇಲ್ಲಿ ಗಮನಿಸಬೇಕಾದ ಒಂದು ವ್ಯತ್ಯಾಸವಿದೆ. ನಿಯಮ ಹುಟ್ಟಿದ್ದು ಕೋರಿಕೆಯಿಂದ. ಎಲ್ಲರೂ ಅದಕ್ಕೆ ಬಂದದ್ದು ಗಡುವಿನಿಂದ. ಹತ್ತು ಜನ ಸೇರಿ ಚರ್ಚಿಸಿ ಒಪ್ಪಿದ ಮೇಲೆಯೇ ಕಟ್ಟುನಿಟ್ಟು ಫಲಿಸಿತು. ಮೊದಲೇ ಕಟ್ಟುನಿಟ್ಟಿಗೆ ಹೊರಟಿದ್ದರೆ ಆ್ಯನ್ ಆರ್ಬರ್‌ನ ಸಭೆಯಲ್ಲಿಯೇ ಯೋಜನೆ ಮುಗಿದುಹೋಗುತ್ತಿತ್ತು.

ಒಂದು ಕೊರತೆಯನ್ನೂ ಹೇಳಬೇಕು. ಈ ಜಾಲವನ್ನು ಕಟ್ಟಿದವರು ಬಹಳ ಮಟ್ಟಿಗೆ ಪರಸ್ಪರ ಪರಿಚಿತರು. ಯಂತ್ರಗಳನ್ನು ಹೊಂದಿಸುವುದರಲ್ಲಿಯೇ ಶಕ್ತಿಯೆಲ್ಲ ವ್ಯಯವಾಯಿತು. ಕೆಟ್ಟ ಉದ್ದೇಶದಿಂದ ಬರುವವರ ಯೋಚನೆ ಹಿಂದೆ ಸರಿಯಿತು. 1988ರ ನವೆಂಬರ್‌ನಲ್ಲಿ ಒಬ್ಬ ವಿದ್ಯಾರ್ಥಿ ಹರಿಯಬಿಟ್ಟ ‘ಹುಳು’ ಸಾವಿರಾರು ಯಂತ್ರಗಳನ್ನು ಸ್ತಬ್ಧಗೊಳಿಸಿದಾಗ ಆ ನಂಬಿಕೆಯ ಬೆಲೆ ತಿಳಿಯಿತು. ನಿಮ್ಮಲ್ಲಿ ಜಾಲದ ಸುರಕ್ಷತೆಯ ಕೆಲಸ ಮಾಡುವವರು ಇಂದಿಗೂ ತೀರಿಸುತ್ತಿರುವುದು ಆ ಸಾಲವನ್ನೇ.

ನಮ್ಮ ಕಡೆಗೆ

ಭಾರತದಲ್ಲಿ ಈ ಕೆಲಸ ಆರಂಭವಾದದ್ದು 1986ರಲ್ಲಿ. ಎಲೆಕ್ಟ್ರಾನಿಕ್ಸ್ ಇಲಾಖೆಯು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಿಂದ ‘ಅರ್ನೆಟ್’ ಎಂಬ ಶೈಕ್ಷಣಿಕ ಜಾಲವನ್ನು ಕೈಗೊಂಡಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಐದು ಐ.ಐ.ಟಿ.ಗಳು, ಮುಂಬಯಿಯ ರಾಷ್ಟ್ರೀಯ ತಂತ್ರಾಂಶ ಕೇಂದ್ರ ಮತ್ತು ದೆಹಲಿಯಲ್ಲಿ ಸ್ವತಃ ಇಲಾಖೆ ಅದರ ಮೊದಲ ಪಾಲುದಾರರು. ಸಾರ್ವಜನಿಕರಿಗೆ ಅಂತರಜಾಲ ದೊರೆತದ್ದು 1995ರ ಆಗಸ್ಟ್ 15ರಂದು.

ಆದರೆ ಎಬ್ಸಿಡಿಕ್–ಆಸ್ಕಿ ಜಗಳವನ್ನು ನಾವು ಕನ್ನಡಿಗರು ನಮ್ಮ ಕಣ್ಣಾರೆ ಕಂಡಿದ್ದೇವೆ. ಒಂದು ತಂತ್ರಾಂಶದಲ್ಲಿ ಬೆರಳಚ್ಚು ಮಾಡಿದ ಕನ್ನಡ ಇನ್ನೊಂದರಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತಿದ್ದ ಕಾಲವನ್ನು ನೀವು ಮರೆತಿರಲಾರಿರಿ. ಕಡತದ ಜೊತೆಗೆ ಅಕ್ಷರಶೈಲಿಯನ್ನೂ ಕಳುಹಿಸಬೇಕಾಗುತ್ತಿತ್ತು. ಪ್ರತಿ ತಂತ್ರಾಂಶವೂ ನಮ್ಮ ‘ಅ’ಕಾರಕ್ಕೆ ತನ್ನದೇ ಸಂಖ್ಯೆ ಕೊಟ್ಟುಕೊಂಡಿದ್ದುದೇ ಇದಕ್ಕೆ ಕಾರಣ. 1991ರಲ್ಲಿ ಪ್ರಕಟವಾದ ಯೂನಿಕೋಡ್‌ನಲ್ಲಿ ಕನ್ನಡಕ್ಕೂ ಸ್ಥಾನ ದೊರೆಯಿತು. ಅದರ ಪ್ರಕಾರ ‘ಅ’ ಎಂದರೆ 3205, ‘ಕ’ ಎಂದರೆ 3221. ಲೋಕದ ಯಾವ ಮೂಲೆಯ ಯಂತ್ರದಲ್ಲಿಯೂ ಅಷ್ಟೇ. ಆದರೆ ಅದು ನಮ್ಮ ಮನೆಗಳಿಗೂ ಕಚೇರಿಗಳಿಗೂ ಪತ್ರಿಕೆಗಳಿಗೂ ನಿಜವಾಗಿ ಬರಲು ಮತ್ತೆ ಹತ್ತು ಹದಿನೈದು ವರ್ಷ ಹಿಡಿಯಿತು. ನಿಯಮ ಬರೆಯುವುದು ಒಂದು, ಎಲ್ಲರೂ ಅದಕ್ಕೆ ಬರುವುದು ಇನ್ನೊಂದು ಎಂಬ ಮಾತು ಇಲ್ಲಿಯೂ ನಿಜವಾಯಿತು.

ಬೇರೆ ಬೇರೆ ಊರುಗಳಲ್ಲಿ, ದೇಶಗಳಲ್ಲಿ ಕುಳಿತು, ಬೇರೆ ಬೇರೆ ಕಂಪನಿಯ ಯಂತ್ರಗಳಲ್ಲಿ ನೀವು ಈ ಕನ್ನಡದ 3205ನ್ನು ‘ಅ’ ಎಂದೇ ಓದುತ್ತಿದ್ದೀರಿ. ಅದರ ಹಿಂದೆ ಎಷ್ಟು ಜನರ ತಾಳ್ಮೆ ಇದೆ ಎಂಬುದು ನಿಮ್ಮ ಗಮನಕ್ಕೆ ಬಂದರೆ ನನ್ನ ಶ್ರಮ ಸಾರ್ಥಕ. ಇದೇ ವಿಷಯದಲ್ಲಿ ಕೆಲಸ ಮಾಡುತ್ತಿರುವ ನನ್ನ ವಿದ್ಯಾರ್ಥಿಗಳು ತಮ್ಮ ಅನುಭವವನ್ನು ಬರೆದು ತಿಳಿಸಿದರೆ ಓದಲು ಕಾದಿರುತ್ತೇನೆ.